ಹೆಲ್ಮೆಟ್ಟಿಗೆ ಬಣ್ಣ ಬಳಿಯುವ ಮುನ್ನ

ಬೆಂಗಳೂರಿನ ಯಾವುದೇ ಸಿಗ್ನಲ್ಲಿನಲ್ಲಿ ಒಂದು ನಿಮಿಷ ನಿಂತು ನೋಡಿದರೆ ದ್ವಿಚಕ್ರ ಸವಾರರ ತಲೆಗಳೇ ಒಂದು ಚಿತ್ರಶಾಲೆಯಂತೆ ತೋರುತ್ತವೆ. ಒಬ್ಬನ ಹೆಲ್ಮೆಟ್ಟಿನ ಮೇಲೆ ಹಳದಿ-ಕೆಂಪು ಬಾವುಟ, ಇನ್ನೊಬ್ಬನದರ ಹಿಂಬದಿಯಲ್ಲಿ ದಿವಂಗತ ಪುನೀತ್ ರಾಜ್‌ಕುಮಾರ್ ಅವರ ನಗುಮುಖ, ಮತ್ತೊಬ್ಬನದಕ್ಕೆ ಅಂಟಿಸಿದ ರಬ್ಬರಿನ ಕೊಂಬು. ಹಿಂದೆ ಲಾರಿಯ ಹಿಂಬದಿಗೂ ಆಟೊರಿಕ್ಷಾದ ಬೆನ್ನಿಗೂ ಮೀಸಲಾಗಿದ್ದ ಅಲಂಕಾರಪ್ರೀತಿ ಈಗ ಸವಾರನ ನೆತ್ತಿಗೇರಿದೆ. ಹಿರಿಯರು ಇದನ್ನು ಹುಡುಗಾಟವೆಂದು ತಳ್ಳಿಹಾಕುತ್ತಾರೆ. ಆದರೆ ಈ ಹುಡುಗಾಟದ ಹಿಂದೆ ಸಾರ್ವಜನಿಕ ನೀತಿಗೆ ಸಂಬಂಧಿಸಿದ ಗಂಭೀರ ಪ್ರಶ್ನೆಯೊಂದು ಅಡಗಿದೆ.

ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಮಡಿದವರು 1,68,491 ಮಂದಿ. ಅವರಲ್ಲಿ ಶೇ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನಗಳಲ್ಲಿದ್ದವರು. ಹೆಲ್ಮೆಟ್ ಧರಿಸದೆ ಸತ್ತವರ ಸಂಖ್ಯೆ 50,029; ಅದರಲ್ಲಿ 14,337 ಮಂದಿ ಹಿಂಬದಿ ಸವಾರರು. ವಿವಿಧ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2008ರಲ್ಲಿ ಪ್ರಕಟವಾದ ಕಾಕ್ರೇನ್ ಪರಾಮರ್ಶೆಯು, ಅಪಘಾತಕ್ಕೀಡಾದ ಸವಾರನ ಸಾವಿನ ಸಂಭವವನ್ನು ಹೆಲ್ಮೆಟ್ ಸುಮಾರು ಶೇ 42ರಷ್ಟೂ ತಲೆಗಾಯದ ಸಂಭವವನ್ನು ಸುಮಾರು ಶೇ 69ರಷ್ಟೂ ತಗ್ಗಿಸುತ್ತದೆಂದು ಅಂದಾಜಿಸಿದೆ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟೊಂದು ಜೀವ ಉಳಿಸಬಲ್ಲ ಸಾಧನಗಳು ವಿರಳ.

ಕಾನೂನಿನ ಕೊರತೆಯೂ ಇಲ್ಲ. 1988ರ ಮೋಟಾರು ವಾಹನ ಕಾಯ್ದೆಯ 129ನೆಯ ಕಲಮು ಹೆಲ್ಮೆಟ್ಟನ್ನು ಕಡ್ಡಾಯಗೊಳಿಸಿತು. ನಮ್ಮ ರಾಜ್ಯದಲ್ಲಿ 2016ರ ಜನವರಿಯಲ್ಲಿ ಹಿಂಬದಿ ಸವಾರರನ್ನೂ ಈ ನಿಯಮದ ವ್ಯಾಪ್ತಿಗೆ ತರಲಾಯಿತು. 2019ರ ತಿದ್ದುಪಡಿಯು ಉಲ್ಲಂಘನೆಗೆ ಸಾವಿರ ರೂಪಾಯಿ ದಂಡವನ್ನೂ ಮೂರು ತಿಂಗಳ ಪರವಾನಗಿ ಅನರ್ಹತೆಯನ್ನೂ ವಿಧಿಸಿತು. ಜನರ ಅಸಮಾಧಾನಕ್ಕೆ ಮಣಿದ ರಾಜ್ಯ ಸರ್ಕಾರ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ದಂಡವನ್ನು ಐನೂರಕ್ಕೆ ಇಳಿಸಿತು. 2021ರ ಜೂನ್ 1ರಿಂದ ಐಎಸ್ಐ ಮುದ್ರೆಯಿಲ್ಲದ ದ್ವಿಚಕ್ರ ಹೆಲ್ಮೆಟ್ಟುಗಳ ತಯಾರಿಕೆ, ಮಾರಾಟಗಳೇ ನಿಷಿದ್ಧ. ಇಷ್ಟಾದರೂ ಬೋಗುಣಿ ಕವುಚಿದಂತಿರುವ ಅರ್ಧ ಟೋಪಿಯನ್ನು ಪೊಲೀಸರ ಕಣ್ಣಿಗಷ್ಟೇ ತೋರಿಸುವವರು, ಗದ್ದದ ಪಟ್ಟಿ ಬಿಗಿಯದವರು, ಹೆಲ್ಮೆಟ್ಟನ್ನು ಮೊಣಕೈಗೆ ತೂಗುಹಾಕಿಕೊಂಡು ಹೋಗುವವರು ಎಲ್ಲ ಊರುಗಳಲ್ಲೂ ಇದ್ದಾರೆ. ದಂಡದ ಭಯವು ಹೆಲ್ಮೆಟ್ಟನ್ನು ತಲೆಯವರೆಗೆ ತರಬಲ್ಲದು. ಅದರ ಮೇಲೆ ಪ್ರೀತಿ ಹುಟ್ಟಿಸಲಾರದು.

ಇಲ್ಲಿ ಅರ್ಥಶಾಸ್ತ್ರಜ್ಞ ಥಾಮಸ್ ಶೆಲ್ಲಿಂಗ್ ನೆನಪಾಗುತ್ತಾರೆ. 2005ರಲ್ಲಿ ನೊಬೆಲ್ ಪುರಸ್ಕಾರ ಪಡೆದ ಅವರು 1973ರಲ್ಲಿ ಐಸ್ ಹಾಕಿ ಆಟಗಾರರ ಹೆಲ್ಮೆಟ್ ಕುರಿತು ಪ್ರಬಂಧವೊಂದನ್ನು ಬರೆದಿದ್ದರು. ಅಪಾಯದ ಅರಿವಿದ್ದರೂ ಆಟಗಾರರು ಅದನ್ನು ಧರಿಸುತ್ತಿರಲಿಲ್ಲ. ಜೊತೆಯವರಾರೂ ಧರಿಸದಿರುವಾಗ ತಾನೊಬ್ಬನೇ ಅಂಜುಬುರುಕನಂತೆ ಕಾಣಬಾರದೆಂಬ ಸಂಕೋಚವೂ ಅದಕ್ಕೆ ಒಂದು ಕಾರಣ. ಉತ್ತರ ಅಮೆರಿಕದ ರಾಷ್ಟ್ರೀಯ ಹಾಕಿ ಲೀಗ್ 1979ರಲ್ಲಿ ಹೊಸ ಆಟಗಾರರಿಗೆ ಹೆಲ್ಮೆಟ್ ಕಡ್ಡಾಯಗೊಳಿಸಿದ ಬಳಿಕ ಈ ಸಂಕೋಚಕ್ಕೆ ಎಡೆಯಿಲ್ಲದಾಯಿತು. ಸುರಕ್ಷತೆಯ ನಿರ್ಧಾರದಲ್ಲಿ ‘ನಾನು ಹೇಗೆ ಕಾಣುತ್ತೇನೆ’ ಎಂಬ ಲೆಕ್ಕವೂ ಸೇರಿರುತ್ತದೆ ಎಂಬುದು ಇದರಿಂದ ತಿಳಿಯುವ ಪಾಠ.

ಈ ದೃಷ್ಟಿಯಿಂದ ನೋಡಿದರೆ ಹೆಲ್ಮೆಟ್ಟನ್ನು ಸಿಂಗರಿಸುವ ಯುವಕ ನಮ್ಮ ಎದುರಾಳಿಯಲ್ಲ, ಮಿತ್ರ. ಕೈಯಿಂದ ಹಣ ಹಾಕಿ ತನ್ನದನ್ನಾಗಿ ಮಾಡಿಕೊಂಡ ವಸ್ತುವನ್ನು ಆತ ಮನೆಯಲ್ಲಿ ಬಿಟ್ಟು ಹೋಗುವ ಸಂಭವ ಕಡಿಮೆ. ಮೋಟಾರ್ ಸೈಕಲ್ ರೇಸುಗಳಲ್ಲಿ ಹೆಲ್ಮೆಟ್ಟೇ ಸವಾರನ ಗುರುತು. ಇಟಲಿಯ ವ್ಯಾಲೆಂಟಿನೊ ರೊಸ್ಸಿ 2008ರ ಮುಜೆಲ್ಲೊ ಸ್ಪರ್ಧೆಯಲ್ಲಿ ಭಯದಿಂದ ಕಣ್ಣರಳಿಸಿದ ತನ್ನದೇ ಮುಖದ ಚಿತ್ರವಿದ್ದ ಹೆಲ್ಮೆಟ್ ಧರಿಸಿದ್ದು ಆ ಕ್ರೀಡೆಯ ಅಭಿಮಾನಿಗಳಿಗೆ ಇಂದಿಗೂ ನೆನಪಿದೆ. ಶಿರಸ್ತ್ರಾಣವು ಹೇಡಿತನದ ಲಕ್ಷಣವಲ್ಲ, ಶೌರ್ಯದ ಲಾಂಛನ ಎಂಬ ಭಾವನೆಯನ್ನು ಇಂಥ ಚಿತ್ತಾರಗಳು ಬೆಳೆಸಿವೆ.

ಆದರೆ ವೃತ್ತಿಪರ ಕಲಾವಿದ ಮಾಡುವುದೂ ಬೀದಿಬದಿಯ ಸ್ಪ್ರೇ ಡಬ್ಬಿ ಮಾಡುವುದೂ ಒಂದೇ ಅಲ್ಲ. ಹೆಲ್ಮೆಟ್ಟಿನ ಹೊರಚಿಪ್ಪು ಪೆಟ್ಟನ್ನು ಹರಡಿ ತೆಳುವಾಗಿಸುತ್ತದೆ. ಒಳಗಿರುವ, ಜನ ಥರ್ಮೋಕೋಲ್ ಎನ್ನುವ ಪದರವು ತಾನು ನಜ್ಜುಗುಜ್ಜಾಗಿ ಹೊಡೆತವನ್ನು ಹೀರಿಕೊಳ್ಳುತ್ತದೆ. ಅಗ್ಗದ ಹಾಗೂ ಮಧ್ಯಮ ಬೆಲೆಯ ಹೆಲ್ಮೆಟ್ಟುಗಳ ಚಿಪ್ಪು ಸಾಮಾನ್ಯವಾಗಿ ಎಬಿಎಸ್ ಅಥವಾ ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕಿನದು. ಥಿನ್ನರ್, ಪೆಟ್ರೋಲ್, ಅಸಿಟೋನ್‌ನಂಥ ದ್ರಾವಕಗಳು ಇಂಥ ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸಬಹುದು. ಕಣ್ಣಿಗೆ ಕಾಣದಷ್ಟು ಸೂಕ್ಷ್ಮ ಬಿರುಕುಗಳನ್ನೂ ಎಬ್ಬಿಸಬಹುದು. ಥರ್ಮೋಕೋಲಿನ ಮೇಲೆ ಪೆಟ್ರೋಲ್ ಬಿದ್ದರೆ ಅದು ಕರಗಿಯೇ ಹೋಗುತ್ತದೆ. ಹೊರಗೆ ಹೊಳೆಯುವ ಬಣ್ಣ, ಒಳಗೆ ಸತ್ವ ಕಳೆದುಕೊಂಡ ಕವಚ! ಈ ವಂಚನೆ ಬಯಲಾಗುವುದು ತಲೆ ರಸ್ತೆಗೆ ಬಡಿದ ಕ್ಷಣದಲ್ಲಿ ಮಾತ್ರ.

ಕ್ಯಾಮೆರಾ ಅಥವಾ ಕೊಂಬು ಕೂರಿಸಲು ಚಿಪ್ಪಿಗೆ ರಂಧ್ರ ಕೊರೆಯುವುದು ಇನ್ನೂ ಅಪಾಯಕರ. ಬಿದ್ದಾಗ ಜಾರಬೇಕಾದ ನುಣುಪು ಮೈಯಲ್ಲಿ ಏನಾದರೂ ಚಾಚಿಕೊಂಡಿದ್ದರೆ ಅದು ನೆಲಕ್ಕೆ ಸಿಕ್ಕಿಕೊಂಡು ಕತ್ತನ್ನೇ ತಿರುಚಬಹುದು. ಮುಂಗಾಜಿಗೆ ಕಪ್ಪು ಹಾಳೆ ಅಂಟಿಸಿದವನಿಗೆ ರಾತ್ರಿಯ ಗುಂಡಿ ಕಾಣುವುದಿಲ್ಲ. ಮೇಲೆ ಬಳಿದ ಬಣ್ಣವು ಐಎಸ್ಐ ಮುದ್ರೆಯನ್ನೂ ಅದರ ಜೊತೆಗಿರುವ ಪರವಾನಗಿ ಸಂಖ್ಯೆಯನ್ನೂ ಮುಚ್ಚಿಬಿಟ್ಟರೆ ಅಸಲಿ ಯಾವುದು, ನಕಲಿ ಯಾವುದು ಎಂದು ಪೊಲೀಸರಿಗಾಗಲಿ ಖರೀದಿದಾರನಿಗಾಗಲಿ ತಿಳಿಯುವ ದಾರಿಯೇ ಇರದು.

ಇದಕ್ಕಿಂತ ಮುಖ್ಯವಾದದ್ದು ಬಣ್ಣದ ಆಯ್ಕೆ. ನಮ್ಮ ರಸ್ತೆಗಳಲ್ಲಿ ಕಪ್ಪು ಹೆಲ್ಮೆಟ್ಟಿನದೇ ದರ್ಬಾರು. ನ್ಯೂಜಿಲೆಂಡಿನ ಆಕ್ಲೆಂಡ್ ಪ್ರದೇಶದಲ್ಲಿ 1993ರಿಂದ 1996ರವರೆಗೆ ನಡೆದ, 2004ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಅಧ್ಯಯನವು ಈ ವಿಷಯದಲ್ಲಿ ಕಣ್ತೆರೆಸುವಂಥದ್ದು. ಕಪ್ಪು ಹೆಲ್ಮೆಟ್ ಧರಿಸಿದವರಿಗೆ ಹೋಲಿಸಿದರೆ ಬಿಳಿಯದನ್ನು ಧರಿಸಿದವರು ಅಪಘಾತದಲ್ಲಿ ಗಾಯಗೊಳ್ಳುವ ಸಂಭವ ಶೇ 24ರಷ್ಟು ಕಡಿಮೆಯಿತ್ತು. ಬೆಳಕನ್ನು ಪ್ರತಿಫಲಿಸುವ ಅಥವಾ ಕಣ್ಣುಕುಕ್ಕುವ ಬಣ್ಣದ ಉಡುಪು ತೊಟ್ಟವರಲ್ಲಿ ಇದು ಶೇ 37ರಷ್ಟು ಕಡಿಮೆ. ಬಿಳಿ ಬಣ್ಣ ಆರಿಸುವವರು ಸ್ವಭಾವತಃ ಜಾಗರೂಕರಿರಬಹುದೆಂಬ ಸಂದೇಹ ನ್ಯಾಯವಾದದ್ದೇ. ಆದರೂ ಕತ್ತಲಲ್ಲಿ ಕಾಣುವ ಸವಾರನು ಕಾಣದ ಸವಾರನಿಗಿಂತ ಕ್ಷೇಮ ಎಂಬುದಕ್ಕೆ ಹೆಚ್ಚಿನ ಪುರಾವೆ ಬೇಡ. ಫ್ರಾನ್ಸಿನಲ್ಲಿ ಹೆಲ್ಮೆಟ್ಟಿನ ನಾಲ್ಕೂ ಬದಿಗೆ ಪ್ರತಿಫಲಕ ಪಟ್ಟಿ ಅಂಟಿಸುವುದು ಕಡ್ಡಾಯ. ನಮ್ಮಲ್ಲಿ ‘ರೇಡಿಯಂ ಸ್ಟಿಕ್ಕರ್’ ಎಂದು ಕರೆಯುವ ಅದೇ ಪಟ್ಟಿ ನಂಬರ್ ಪ್ಲೇಟ್ ಅಂಗಡಿಗಳಲ್ಲಿ ಅಲ್ಪ ಬೆಲೆಗೆ ಸಿಗುತ್ತದೆ.

ಸಿರಿವಂತರು ತಮ್ಮ ಸ್ಥಾನಮಾನ ಮೆರೆಸಲು ಮಾಡುವ ಖರ್ಚನ್ನು ಥಾರ್‌ಸ್ಟೈನ್ ವೆಬ್ಲೆನ್ 1899ರಲ್ಲೇ ‘ಎದ್ದುಕಾಣುವ ಅನುಭೋಗ’ವೆಂದು ಟೀಕಿಸಿದ್ದರು. ಹೆಲ್ಮೆಟ್ಟಿನ ವಿಷಯದಲ್ಲಿ ಮಾತ್ರ ಎದ್ದುಕಾಣುವುದೇ ಪ್ರಯೋಜನ. ತೋರಿಕೆಯ ಆಸೆಯೂ ಜೀವರಕ್ಷಣೆಯೂ ಒಂದೇ ದಿಕ್ಕಿಗೆ ಸಾಗುವ ಇಂಥ ಸಂದರ್ಭಗಳು ಆಡಳಿತಕ್ಕೆ ಪದೇ ಪದೇ ಒದಗುವುದಿಲ್ಲ.

ಆಗಬೇಕಾದ್ದು ದೊಡ್ಡ ಕೆಲಸವೇನಲ್ಲ. ಹೊಸ ದ್ವಿಚಕ್ರ ವಾಹನದೊಡನೆ ತಯಾರಕರು ಹೆಲ್ಮೆಟ್ ಒದಗಿಸಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಅದು ತಿಳಿಬಣ್ಣದ್ದಾಗಿರಲಿ, ಅದರ ಮೇಲೆ ಪ್ರತಿಫಲಕ ಪಟ್ಟಿಯಿರಲಿ. ತಮ್ಮ ಹೆಲ್ಮೆಟ್ಟಿಗೆ ಯಾವ ಬಣ್ಣ, ಯಾವ ಅಂಟು ಸುರಕ್ಷಿತ, ಯಾವುದು ವರ್ಜ್ಯ ಎಂಬುದನ್ನು ತಯಾರಕರು ಕನ್ನಡದಲ್ಲಿ ಮುದ್ರಿಸಿ ಕೊಡಲಿ. ಪರೀಕ್ಷಿಸಿದ ಸ್ಟಿಕ್ಕರುಗಳನ್ನು ತಾವೇ ಮಾರಲಿ. ಪೊಲೀಸರು ಚಿತ್ತಾರ ಕಂಡು ಮುನಿಯುವ ಬದಲು ಕೊರೆದ ರಂಧ್ರ, ಕಪ್ಪು ಮುಂಗಾಜು, ಮರೆಯಾದ ಮುದ್ರೆಗಳ ಮೇಲೆ ಕಣ್ಣಿಡಲಿ. ಎಂಜಿನಿಯರಿಂಗ್ ಹಾಗೂ ಚಿತ್ರಕಲಾ ಕಾಲೇಜುಗಳ ವಿದ್ಯಾರ್ಥಿಗಳು ಜೊತೆಗೂಡಿ ರಾತ್ರಿಯಲ್ಲಿ ಹೊಳೆಯುವ, ಚಿಪ್ಪಿಗೆ ಹಾನಿ ಮಾಡದ ವಿನ್ಯಾಸಗಳನ್ನು ರೂಪಿಸಿದರೆ ಅದು ನಿಜವಾದ ಸಮಾಜಸೇವೆ.

ಸವಾರರೂ ಗಮನಿಸಬೇಕು. ಮೊದಲು ಅಸಲಿ ಮುದ್ರೆ, ಆಮೇಲೆ ತಲೆಗೆ ಸರಿಹೊಂದುವ ಅಳತೆ, ಬಿಗಿಯಾದ ಪಟ್ಟಿ. ಅಲಂಕಾರದ ಸರದಿ ಕೊನೆಯದು. ಆ ಅಲಂಕಾರವೂ ಹಿಂದಿನಿಂದ ಬರುವ ಲಾರಿ ಚಾಲಕನಿಗೆ ದೂರದಿಂದಲೇ ಕಾಣುವಂತಿರಲಿ.