ಪುಸ್ತಕ ಮುಚ್ಚಿ ಓದುವ ಬಗೆ

ರಜೆ ಮುಗಿದು ಕಾಲೇಜು ತೆರೆಯಿತೆಂದರೆ ನಮ್ಮಲ್ಲಿ ಅನೇಕರು ಮೊದಲು ಹುಡುಕುವುದು ಗೈಡುಗಳನ್ನು. ಹಣವುಳ್ಳವರು ಕೊಳ್ಳುತ್ತಾರೆ, ಇಲ್ಲದವರು ತಾವು ಹಿಂದೆ ಬಿದ್ದೆವೆಂದು ಕುಗ್ಗುತ್ತಾರೆ. ಹೀಗೆ ಕುಗ್ಗಬೇಕಾದ್ದಿಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ವಿದ್ಯಾರ್ಥಿಗಳ ಮೇಲೆ ನಡೆಸಿದ ಪ್ರಯೋಗವೊಂದನ್ನು ಪ್ರಕಟಿಸಿದರು. ಪಾಠವನ್ನು ಮತ್ತೆ ಓದಿದವರು 5 ನಿಮಿಷಗಳ ತರುವಾಯ ಮುಂದಿದ್ದರು. ಒಮ್ಮೆ ಓದಿ, ಬಳಿಕ ನೋಡದೆ ಬರೆದವರು ಒಂದು ವಾರದ ತರುವಾಯ ಮುಂದಿದ್ದರು. ನಮ್ಮ ಪರೀಕ್ಷೆ 5 ನಿಮಿಷಗಳಲ್ಲಿ ಬರುವುದಿಲ್ಲವಷ್ಟೆ!

ಆದುದರಿಂದ ಮಿತ್ರರೇ, ಗ್ರಂಥಾಲಯದ ಪುಸ್ತಕ, ಒಂದು ಹಾಳೆ, ಒಂದು ಪೆನ್ಸಿಲು ಸಾಕು. ಸಂಜೆ ಆ ದಿನದ ಪಾಠವನ್ನು ನೆನಪಿನಿಂದ ಬರೆಯಿರಿ. ಪುಸ್ತಕ ತೆರೆದು ತಪ್ಪನ್ನು ತಿದ್ದಿರಿ. ವಾರದ ಮೇಲೆ ಮತ್ತೊಮ್ಮೆ ಬರೆಯಿರಿ.

ಅಧ್ಯಾಪಕರಲ್ಲಿ ಒಂದು ಬಿನ್ನಹ: ಪ್ರತಿ ತರಗತಿಯ ಕೊನೆಯ 5 ನಿಮಿಷಗಳನ್ನು ಇದಕ್ಕೆ ಮೀಸಲಿಡಬಾರದೇ?