ದುಬಾಯ್ ಪಾದ್ರಿಗಳ ಲೆಕ್ಕ

ಮತಪ್ರಚಾರವೆಂಬ ಮಾತು ನಮ್ಮ ಕಡೆ ಒಳ್ಳೆಯ ಅರ್ಥದಲ್ಲಿ ಬಳಕೆಯಾಗುವುದನ್ನು ಕೇಳಿ ಬಹಳ ಕಾಲವಾಯಿತು. ಮಂಡ್ಯದ ವಾಚನಾಲಯದಲ್ಲಾಗಲಿ, ಮದ್ದೂರಿನ ರೈಲು ನಿಲ್ದಾಣದ ಬೆಂಚಿನ ಮೇಲಾಗಲಿ, ಮಳವಳ್ಳಿಯ ಬಸ್ಸಿನಲ್ಲಾಗಲಿ ಆ ಮಾತು ಎದ್ದಿತೆಂದರೆ ಅದರ ಬೆನ್ನಿಗೇ ‘ಆಮಿಷ’ ಎಂಬ ಇನ್ನೊಂದು ಮಾತು ಬಂದು ಪಕ್ಕದಲ್ಲಿ ಕೂರುತ್ತದೆ. ನಾನು ಹುಟ್ಟಿನಿಂದ ಕ್ರೈಸ್ತ. ಮೇಷ್ಟರ ಕೆಲಸದ ನಿಮಿತ್ತ ಈ ಮೂರು ಊರುಗಳಲ್ಲಿಯೂ ಇದ್ದವನು. ಸಹೋದ್ಯೋಗಿಗಳು ಯುಗಾದಿಗೆ ಹೋಳಿಗೆ ಕಳುಹಿಸುತ್ತಾರೆ. ಕ್ರಿಸ್ಮಸ್ಸಿನ ದಿನ ನಮ್ಮ ಮನೆಗೆ ಬಂದು ಸಂತೋಷದಿಂದ ಊಟ ಮಾಡುತ್ತಾರೆ. ಆದರೆ ನಾನು ಏನನ್ನು ನಂಬುತ್ತೇನೆ, ಏಕೆ ನಂಬುತ್ತೇನೆ ಎಂಬುದನ್ನು ಅವರು ಕೇಳುವುದಿಲ್ಲ, ನಾನು ಹೇಳುವುದೂ ಇಲ್ಲ. ಇದಕ್ಕೆ ಸೌಹಾರ್ದವೆಂದು ಹೆಸರು. ನನಗೇನೋ ಇದು ಅರ್ಧ ಸೌಹಾರ್ದವೆಂದೇ ತೋರುತ್ತದೆ. ಮನುಷ್ಯನೊಬ್ಬನ ಬಾಳಿಗೆ ಆಧಾರವಾದದ್ದನ್ನು ಬಿಟ್ಟು ಉಳಿದೆಲ್ಲವನ್ನೂ ಮಾತನಾಡುವ ಗೆಳೆತನ ಎಷ್ಟು ದೂರ ಹೋದೀತು?

ಹಾಗೆಂದು ಮಾತನಾಡಿಬಿಡುವುದು ಸುಲಭವೇ? ಹೇಗೆ ಹೇಳಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ತೊಡಕು ಹೊಸದೇನೂ ಅಲ್ಲ. ಎರಡು ನೂರು ವರ್ಷಗಳ ಹಿಂದೆ ನಮ್ಮ ಜಿಲ್ಲೆಯಲ್ಲಿಯೇ ಒಬ್ಬರು ಅದರಲ್ಲಿ ಸಿಕ್ಕಿಕೊಂಡು ಹಲವು ವರ್ಷ ಹೆಣಗಿದರು.

1799ರ ಮಾರ್ಚಿಯಲ್ಲಿ ಮಳವಳ್ಳಿಯ ಬಯಲಿನಲ್ಲಿ ಟಿಪ್ಪುವಿನ ಸೈನ್ಯಕ್ಕೂ ಇಂಗ್ಲಿಷರಿಗೂ ಕಾಳಗವಾಯಿತು. ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ಅದಾದ ಮೇಲೆ ಇಲ್ಲಿಗೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್. ಗಂಜಾಮಿನಲ್ಲಿರುವ ಇಗರ್ಜಿಯನ್ನು ಇಂದಿಗೂ ಅವರ ಹೆಸರಿನಿಂದಲೇ ಕರೆಯುತ್ತಾರೆ. ಇಲ್ಲಿಯವರ ಉಡುಪನ್ನು ತೊಟ್ಟು, ಇಲ್ಲಿಯವರ ರೀತಿಯಲ್ಲಿ ಬಾಳಿ, ಜನರ ಬಾಯಲ್ಲಿ ‘ದೊಡ್ಡಸ್ವಾಮಿಯವರು’ ಎನಿಸಿಕೊಂಡರು. ವೇಷದ ಈ ಮಾತಿನಲ್ಲಿ ಕೆಲವರಿಗೆ ವಂಚನೆ ಕಾಣುತ್ತದೆ. ಹದಿನೇಳನೆಯ ಶತಮಾನದಲ್ಲಿ ಮಧುರೆಯ ನೋಬಿಲಿ, ಶ್ರೀರಂಗಪಟ್ಟಣದ ಚಿನ್ನಾಮಿ ಮೊದಲಾದ ಜೆಸ್ವಿಟರ ಮೇಲೂ ಇದೇ ಆಕ್ಷೇಪಣೆಯಿತ್ತು. ಉಡುಪು ವಂಚನೆಯಲ್ಲವೆಂದೇ ನನ್ನ ಅಭಿಮತ. ನೆಂಟರ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುವುದು ಮರ್ಯಾದೆಯೇ ಹೊರತು ಮೋಸವಲ್ಲ. ‘ನೀವು ಯಾರು, ಏತಕ್ಕೆ ಬಂದಿರಿ?’ ಎಂದು ಕೇಳಿದಾಗ ಕೊಡುವ ಉತ್ತರ ನಿಜವಾಗಿದ್ದರೆ ಸಾಕು.

ಆ ಕಾಲದಲ್ಲಿ ಸಿಡುಬು ಎಂದರೆ ಊರಿಗೆ ಊರೇ ನಡುಗುತ್ತಿದ್ದಿತು. ಗೋವಿನ ಸಿಡುಬಿನಿಂದ ತೆಗೆದ ಲಸಿಕೆಯನ್ನು ಜೆನ್ನರ್ ಪ್ರಕಟಿಸಿದ್ದು 1798ರಲ್ಲಿ. ಐದಾರು ವರ್ಷ ಕಳೆಯುವುದರೊಳಗೆ ದುಬಾಯ್ ಅವರು ಅದನ್ನು ಮೈಸೂರು ಸೀಮೆಯ ಹಳ್ಳಿಗಳಿಗೆ ಕೊಂಡೊಯ್ದಿದ್ದರು. 1803–04ರ ಕೆಲವೇ ತಿಂಗಳುಗಳಲ್ಲಿ ಲಸಿಕೆ ಹಾಕಿಸಿಕೊಂಡವರೆಂದು ಪಟ್ಟಿಯಲ್ಲಿ ಬರೆದಿಟ್ಟವರ ಸಂಖ್ಯೆ 25,432. ಇದು ಅವರ ಒಂದು ಲೆಕ್ಕ.

ಇನ್ನೊಂದು ಲೆಕ್ಕವನ್ನು ಅವರು 1823ರಲ್ಲಿ, ಈ ದೇಶವನ್ನು ಬಿಟ್ಟ ವರ್ಷ, ಲಂಡನ್ನಿನಲ್ಲಿ ಅಚ್ಚಾದ ಪತ್ರಗಳಲ್ಲಿ ಕೊಟ್ಟರು. ಇಷ್ಟು ವರ್ಷಗಳ ದುಡಿಮೆಯಿಂದ, ಒಬ್ಬ ದೇಶೀಯ ಪಾದ್ರಿಯ ನೆರವೂ ಸೇರಿ, ತಾವು ಹೊಸದಾಗಿ ಕ್ರೈಸ್ತರನ್ನಾಗಿ ಮಾಡಿದ್ದು ಇನ್ನೂರು ಮುನ್ನೂರು ಜನರನ್ನು ಮಾತ್ರ ಎಂದು ಬರೆದರು. ಅವರಲ್ಲಿಯೂ ಮೂರರಲ್ಲಿ ಎರಡು ಪಾಲು ಅಸ್ಪೃಶ್ಯರು ಮತ್ತು ಭಿಕ್ಷುಕರು. ಉಳಿದವರು ಜಾತಿ ಕಳೆದುಕೊಂಡು ದಿಕ್ಕಿಲ್ಲದವರು, ಹೆಣ್ಣು ಗಂಡು ಸಂಬಂಧಕ್ಕೋ ಮತ್ತೇನೋ ಲಾಭಕ್ಕೋ ಬಂದವರು. ಹಿಂದೂಗಳು ಕ್ರೈಸ್ತರಾಗುವುದು ಆಗದ ಮಾತು ಎಂಬುದು ಅವರ ತೀರ್ಮಾನ. ಯೂರೋಪಿನ ಮಿಷನರಿ ವಲಯಗಳಲ್ಲಿ ಗದ್ದಲವೆದ್ದಿತು, ಖಂಡನೆಗಳು ಹೊರಟವು. ಆಗಬೇಕಾದ್ದೇ. ಹಣ ಕಳುಹಿಸಿದವರಿಗೆ ಗೆಲುವಿನ ವರದಿ ಬೇಕು. ಮತಾಂತರದ ಸಂಖ್ಯೆಯನ್ನು ಉಬ್ಬಿಸಿ ಬರೆಯುವ ಚಪಲ ಅಂದೂ ಇತ್ತು, ಇಂದೂ ಇದೆ. ಉಬ್ಬಿಸಿದ ಆ ಸಂಖ್ಯೆಯನ್ನೇ ಹಿಡಿದು ಎದುರಾಳಿಗಳು ಭಯ ಹುಟ್ಟಿಸುವುದೂ ಇದೆ. ಸೋತೆನೆಂದು ಅಚ್ಚಿನಲ್ಲಿ ಹೇಳಿದ ಆ ಮುದುಕರ ಮೇಲೆ ನನಗೆ ಗೌರವವಿದೆ.

(ಪ್ರಾಮಾಣಿಕತೆಯಲ್ಲಿ ಅವರು ಪೂರ್ತಿ ಮಾದರಿಯೇನಲ್ಲ. ಹಿಂದೂಗಳ ಆಚಾರ ವ್ಯವಹಾರಗಳ ಮೇಲೆ ಅವರು ಬರೆದ ಪ್ರಸಿದ್ಧ ಗ್ರಂಥದ ಬಹುಭಾಗಕ್ಕೆ ಕೇರ್ದೂ ಎಂಬ ಹಿಂದಿನ ಜೆಸ್ವಿಟರ ಹಸ್ತಪ್ರತಿಯೇ ಮೂಲವೆಂದು 1987ರಲ್ಲಿ ಸಿಲ್ವಿಯಾ ಮೂರ್ ಎಂಬ ಫ್ರೆಂಚ್ ವಿದುಷಿ ತೋರಿಸಿಕೊಟ್ಟರು. ಪುಸ್ತಕದಲ್ಲಿ ಕೇರ್ದೂ ಅವರ ಹೆಸರಿಲ್ಲ.)

ಈ ಎರಡು ಲೆಕ್ಕಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕೆಂದು ವಾಚಕರನ್ನು ಕೇಳಿಕೊಳ್ಳುತ್ತೇನೆ. ಇಪ್ಪತ್ತೈದು ಸಾವಿರ ತೋಳುಗಳಿಗೆ ಲಸಿಕೆ, ಮುನ್ನೂರಕ್ಕೆ ಮೀರದ ಜ್ಞಾನಸ್ನಾನ. ಲಸಿಕೆ ಗಾಳವಾಗಿರಲಿಲ್ಲ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕೆ? ಉಪಕಾರವೋ ಆಮಿಷವೋ ಎಂದು ತಿಳಿಯಲು ನಾನು ಬಲ್ಲ ಪರೀಕ್ಷೆ ಒಂದೇ: ಎದುರಿನವನು ‘ನಿಮ್ಮ ದೇವರು ನನಗೆ ಬೇಡ’ ಎಂದ ಮರುದಿನವೂ ಕೊಡುವ ಕೈ ಚಾಚಿಯೇ ಇರುತ್ತದೆಯೆ? ಇದ್ದರೆ ಅದು ಉಪಕಾರ. ಕೊಟ್ಟಾದ ಮೇಲೆ ಬೆಲೆ ಹೇಳುವುದು ಅಂಗಡಿಯಲ್ಲೂ ಸಲ್ಲದು.

ಆದರೆ ದುಬಾಯ್ ಅವರ ಎರಡನೆಯ ಲೆಕ್ಕದಲ್ಲಿ ನನ್ನನ್ನು ನೋಯಿಸುವ ಮಾತೊಂದಿದೆ. ಬಂದವರು ಅಸ್ಪೃಶ್ಯರು, ಭಿಕ್ಷುಕರು, ಸಂಬಂಧ ಹುಡುಕಿಕೊಂಡು ಬಂದವರು. ಆದ್ದರಿಂದ ಅವರು ಲೆಕ್ಕಕ್ಕಿಲ್ಲ! ಇಲ್ಲಿ ಸತ್ಯವಿದ್ದೀತು, ಪ್ರೀತಿಯಿಲ್ಲ. ಊರ ಬಾವಿಯ ಹತ್ತಿರ ಸುಳಿಯಗೊಡದವನಿಗೆ ಮೊದಲ ಬಾರಿ ಪಂಕ್ತಿಯಲ್ಲಿ ಜಾಗ ಸಿಕ್ಕಿತು. ಮಗಳಿಗೆ ಗಂಡು ಸಿಕ್ಕಿತು. ಅದು ಅವನಿಗೆ ಬರಿಯ ಲಾಭವೋ, ದೇವರ ದರ್ಶನವೋ ಎಂದು ತೂಗಿ ನೋಡುವ ತಕ್ಕಡಿ ಯಾವ ಪಾದ್ರಿಯ ಬಳಿ ಇದ್ದೀತು? ತಂದೆಯಿಂದ ಮತವನ್ನು ಮನೆ ಹೊಲಗಳಂತೆ ಪಡೆದ ನನ್ನಂಥವನ ನಂಬಿಕೆಯಲ್ಲಿ ಅನುಕೂಲದ ಬೆರಕೆ ಇಲ್ಲವೆ? ಬಡವನ ನಂಬಿಕೆಯನ್ನು ಮಾತ್ರ ಸೋಸಿ ನೋಡುವ ಈ ಅಭ್ಯಾಸ ಇಂದು ಪಾದ್ರಿಗಳನ್ನು ಬಿಟ್ಟು ಬೇರೆಯವರಿಗೆ ಅಂಟಿಕೊಂಡಿದೆ.

ಕಾನೂನಿನ ಮಾತನ್ನೂ ಎತ್ತಲೇಬೇಕು. ಸಂವಿಧಾನದ 25ನೆಯ ವಿಧಿಯಲ್ಲಿ ಮತವನ್ನು ಪ್ರಚಾರ ಮಾಡುವ ಹಕ್ಕು ಇದೆ. 1977ರಲ್ಲಿ ಸ್ಟಾನಿಸ್ಲಾಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ತನ್ನ ಮತದ ತತ್ತ್ವಗಳನ್ನು ಹರಡುವ ಹಕ್ಕು ಬೇರೆ, ಮತ್ತೊಬ್ಬನನ್ನು ಮತಾಂತರಗೊಳಿಸುವ ಹಕ್ಕು ಬೇರೆ, ಎರಡನೆಯದು ಇಲ್ಲ ಎಂದಿತು. ಈ ತೀರ್ಪಿನಿಂದ ನನ್ನ ಮತಬಾಂಧವರು ಬಹಳ ನೊಂದುಕೊಂಡರು. ನಾನು ನೊಂದುಕೊಳ್ಳಲಾರೆ, ಒಬ್ಬನ ಮನಸ್ಸನ್ನು ಇನ್ನೊಬ್ಬ ತಿರುಗಿಸಲಾರನೆಂದು ನಮ್ಮ ಧರ್ಮವೇ ಹೇಳುತ್ತದೆ. ಕರ್ನಾಟಕದ 2022ರ ಕಾಯಿದೆಯ ಮಾತು ಬೇರೆ. ಮತ ಬದಲಿಸುವವನು ಮೂವತ್ತು ದಿನ ಮುಂಚೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು ಅದು ವಿಧಿಸಿತು; ಧಾರ್ಮಿಕ ಸಂಸ್ಥೆಯ ಶಾಲೆಯ ಉಚಿತ ವಿದ್ಯೆಯನ್ನೂ ಆಮಿಷದ ಪಟ್ಟಿಗೆ ಸೇರಿಸಿತು. 2023ರ ಜೂನಿನಲ್ಲಿ ಹೊಸ ಮಂತ್ರಿಮಂಡಲ ಅದನ್ನು ರದ್ದುಪಡಿಸುವ ತೀರ್ಮಾನ ಕೈಗೊಂಡಿತು. ಉಪಕಾರಕ್ಕೂ ಗಾಳಕ್ಕೂ ಇರುವ ಭೇದವನ್ನು ಪಟ್ಟಿ ಮಾಡಿ ಹಿಡಿಯಲು ಹೊರಟರೆ ಸರಸ್ವತಿಯೂ ಆರೋಪಿಯಾಗುತ್ತಾಳೆ.

ನಂಬಿಕೆಯನ್ನು ಹಂಚುವುದೇ ಪರದೇಶದ ಪದ್ಧತಿ ಎನ್ನುವವರು ಮಂಡ್ಯದಿಂದ ಮೇಲುಕೋಟೆಯವರೆಗೆ ಒಮ್ಮೆ ಹೋಗಿ ಬರಬೇಕು. ಗುರು ಗೋಪ್ಯವಾಗಿ ಕೊಟ್ಟ ಮಂತ್ರವನ್ನು ತಿರುಕ್ಕೋಷ್ಟಿಯೂರಿನ ಗೋಪುರವೇರಿ ಎಲ್ಲರಿಗೂ ಕೂಗಿ ಹೇಳಿದರೆಂದು ಪರಂಪರೆ ಕೊಂಡಾಡುವ ರಾಮಾನುಜರು ನೆಲಸಿದ್ದ ಊರು ಅದು. ಹಾಗೆ ಹೇಳಿದ್ದಕ್ಕೆ ನರಕ ಬಂದರೆ ಬರಲಿ ಎಂದರಂತೆ. ತನಗೆ ಸಿಹಿಯಾದದ್ದನ್ನು ಬಚ್ಚಿಡಲಾರದ ಆ ತವಕ ನನಗೆ ಅರ್ಥವಾಗುತ್ತದೆ. ಅರ್ಥವಾಗದ್ದು, ತನ್ನದನ್ನು ಹೊಗಳಲು ಕೇಳುವವನ ದೇವರನ್ನು ತೆಗಳಲೇಬೇಕೆಂಬ ಹಟ. ಹತ್ತೊಂಬತ್ತನೆಯ ಶತಮಾನದ ಮಿಷನ್ ಕರಪತ್ರಗಳಲ್ಲಿ ಈ ತೆಗಳಿಕೆ ಧಾರಾಳವಾಗಿದ್ದಿತು. ಅವುಗಳಲ್ಲಿ ಎಷ್ಟನ್ನು ಇಂದು ಯಾರು ಓದುತ್ತಾರೆ? ಅದೇ ಮಿಷನ್ನಿನ ಕಿಟ್ಟೆಲರು 1894ರಲ್ಲಿ ಮುಗಿಸಿಕೊಟ್ಟ ನಿಘಂಟು ಮಾತ್ರ ಇನ್ನೂ ನಮ್ಮ ಮೇಜಿನ ಮೇಲಿದೆ. ಕೇಳುವವನ ಮಾತನ್ನು ಅಷ್ಟು ಶ್ರದ್ಧೆಯಿಂದ ಕಲಿತವನಿಗೆ ಅವನೊಡನೆ ಮಾತನಾಡುವ ಹಕ್ಕು ತಾನಾಗಿ ಬರುತ್ತದೆ.

ಮಳವಳ್ಳಿಯಲ್ಲಿದ್ದಾಗ ನನ್ನ ಜೊತೆಯ ಮೇಷ್ಟರೊಬ್ಬರ ತಂದೆ ಹಾಸಿಗೆ ಹಿಡಿದರು. ನೋಡಲು ಹೋದಾಗ ಮಗ ನನ್ನನ್ನು ಪಕ್ಕಕ್ಕೆ ಕರೆದು, “ಒಂದು ಪ್ರಾರ್ಥನೆ ಮಾಡಿ ಸಾರ್” ಎಂದರು. ಯಾರ ಹೆಸರಿನಲ್ಲಿ ಮಾಡುತ್ತೇನೆಂಬುದು ಮಲಗಿರುವವರಿಗೂ ತಿಳಿದಿರಬೇಕು ಎಂದೆ. ಒಳಗಿನಿಂದಲೇ ಮುದುಕರು, “ಮಾಡಿ ಮೇಷ್ಟ್ರೇ, ಯಾರ ಹೆಸ್ರಾದ್ರೇನು? ನಮ್ಮ ಮುತ್ತತ್ತಿರಾಯ ಬೇಜಾರು ಮಾಡ್ಕಳಕಿಲ್ಲ” ಎಂದು ಕೂಗಿದರು. ಮಾಡಿದೆ. ಆಮೇಲೆ ಅವರೇ, “ನಿಮ್ಮ ಸ್ವಾಮಿ ಏನ್ ಹೇಳವ್ನೆ, ಒಂದು ಕತೆ ಹೇಳಿ” ಎಂದು ಕೇಳಿದರು. ಪಾಲು ತೆಗೆದುಕೊಂಡು ಹೋಗಿ ಎಲ್ಲವನ್ನೂ ಹಾಳುಮಾಡಿ ಮರಳಿದ ಕಿರಿಮಗನ ಕತೆಯನ್ನು ಹೇಳಿದೆ: ತಂದೆ ಓಡಿಹೋಗಿ ಅಪ್ಪಿಕೊಂಡದ್ದು, ಔತಣ ಮಾಡಿಸಿದ್ದು, ದುಡಿದ ಹಿರಿಮಗ ಮುನಿದು ಹೊರಗೇ ನಿಂತದ್ದು.

ಮುದುಕರು ಬಹಳ ಹೊತ್ತು ಸುಮ್ಮನಿದ್ದರು. ತಂದೆಯ ಕರುಣೆ ಅವರನ್ನು ಮುಟ್ಟಿರಬಹುದೆಂದು ನಾನು ಎಣಿಸುತ್ತಿದ್ದೆ. ಅವರು ಕೇಳಿದ್ದೇ ಬೇರೆ: “ಆ ದೊಡ್ಡೋನು ಕೊನೆಗೆ ಒಳೀಕ್ ಬಂದ್ನಾ, ಇಲ್ವಾ? ಹೊಲದಲ್ಲಿ ಗೇಯ್ದೋನು ಅವನೇ ಅಲ್ವಾ?”

ಕತೆಯಲ್ಲಿ ಅದನ್ನು ಹೇಳಿಲ್ಲ ಎಂದೆ. ಹಾಗಾದರೆ ಅದು ಮುಗಿದ ಕತೆಯೇ ಅಲ್ಲ, ಅಪ್ಪನದೂ ಒಂದು ತಪ್ಪಿದೆ ಎಂದು ಅವರು ವಾದ ಹೂಡಿದರು. ನಾನೂ ಬಿಡಲಿಲ್ಲ. ಸೊಸೆ ಹಾಲು ತಂದಿಟ್ಟು ಎರಡು ಸಲ ಕರೆಯುವವರೆಗೂ ಆ ಹಿರಿಮಗನ ನ್ಯಾಯ ತೀರಲಿಲ್ಲ.