ಕೋಡಿ ಬಿದ್ದ ಮಾತು

ಮೊನ್ನೆ ಪಾಂಡವಪುರದ ಬಸ್ ನಿಲ್ದಾಣದಲ್ಲಿ ಅಜ್ಜಿಯೊಬ್ಬರು ತಡವಾಗಿ ಬಂದ ಮಗಳಿಗೆ, ‘ಕಾದೂ ಕಾದೂ ಕಾಲು ಬೇರು ಬುಟ್ಬುಡ್ತು ಕಣವ್ವ’ ಅಂದರು. ಮಗಳು ಮಾತಾಡದೆ ಬಗ್ಗಿ ಚೀಲ ಎತ್ತಿಕೊಂಡಳು. ಎಷ್ಟು ಹೊತ್ತು ಕಾದೆ ಎಂದು ಕೇಳುವ ಅಗತ್ಯವೇ ಇರಲಿಲ್ಲ.

ಈ ಸೀಮೆಯ ಅತಿಶಯೋಕ್ತಿಗೆ ಅಳತೆಗೋಲು ಉಂಟು. ಬುದ್ಧಿ ರಾಗಿಕಾಳಷ್ಟೂ ಇಲ್ಲ, ಬೈಗುಳ ಬಂಡಿಗಟ್ಟಲೆ, ಕಣ್ಣೀರಾದರೆ ಕೋಡಿ. ತೊಣ್ಣೂರು ಕೆರೆ ಕೋಡಿ ಬಿದ್ದದ್ದನ್ನು ಕಂಡವರಿಗೆ ಈ ಕೊನೆಯ ಮಾತು ಸವಕಲು ಅನ್ನಿಸದು. ಹಿಡಿಯುವಷ್ಟನ್ನೂ ಹಿಡಿದು, ಇನ್ನಾಗದು ಎಂದಾಗಲೇ ಕೆರೆ ಕೋಡಿ ಬೀಳುವುದು. ಅಳುವಿನ ಬಗ್ಗೆ ಇದಕ್ಕಿಂತ ನಿಖರವಾದ ಮಾತು ನನಗೆ ಗೊತ್ತಿಲ್ಲ.

ಪಾಂಡವಪುರ ಮೊದಲು ಹಿರೋಡೆ. ಹೈದರ್–ಟಿಪ್ಪು ಕಾಲದ ಫ್ರೆಂಚ್ ಸೈನಿಕರ ಬೀಡಿನಿಂದಾಗಿ ಫ್ರೆಂಚ್ ರಾಕ್ಸ್ ಆಯಿತು. ಕಡೆಗೆ ಉಳಿದದ್ದು ಪಾಂಡವರ ಹೆಸರು. ಊರ ಪಕ್ಕದ ಕುಂತಿಬೆಟ್ಟದ ನೀಳ ಬಂಡೆಯನ್ನು ಜನ ಕುಂತಿಯ ಒನಕೆ ಅನ್ನುತ್ತಾರೆ, ಅಲ್ಲಿನ ಕೊಳವನ್ನು ಭೀಮನ ಹೆಜ್ಜೆ ಅನ್ನುತ್ತಾರೆ. ಐದು ಗಂಡುಮಕ್ಕಳ ಹೊಟ್ಟೆ ತುಂಬಿಸಬೇಕು, ಅದರಲ್ಲೊಬ್ಬ ಭೀಮ. ಆ ತಾಯಿಯ ಒನಕೆ ಇನ್ನೆಷ್ಟಿರಬೇಕು? ಬಂಡೆ ಎಷ್ಟೇ ದೊಡ್ಡದಾಗಲಿ, ಅದನ್ನು ಒನಕೆ ಎಂದವರು ಭತ್ತ ಕುಟ್ಟಿ ಕೈ ಬೊಬ್ಬೆ ಬರಿಸಿಕೊಂಡವರೇ.

ರನ್ನನ ಭೀಮ ಬೇರೆ. ಹತ್ತನೆಯ ಶತಮಾನದ ಆ ಕವಿ ತನ್ನ ಒಡೆಯ ಸತ್ಯಾಶ್ರಯನನ್ನೇ ಭೀಮನೆಂದು ಕಂಡು ‘ಗದಾಯುದ್ಧ’ ಬರೆದ. ಆ ರಾಜಸ್ತುತಿ ಇಂದು ನಮ್ಮನ್ನು ತಟ್ಟುವುದಿಲ್ಲ. ಆದರೆ ಸರೋವರದೊಳಗೆ ಅಡಗಿ ಕೂತ ದುರ್ಯೋಧನ ಭೀಮನ ಕೂಗು ಕೇಳಿ ಬೆವರುತ್ತಾನಲ್ಲ, ತರಗತಿಯಲ್ಲಿ ಮೇಷ್ಟ್ರು ಅದನ್ನು ಓದಿದಾಗ ನನ್ನ ಮೈ ಜುಮ್ಮೆಂದದ್ದು ಇಂದಿಗೂ ನೆನಪಿದೆ. ನೀರಿನಲ್ಲಿ ಬೆವರು ಯಾರಿಗೂ ಕಾಣದು. ಅದು ಅವನೊಬ್ಬನಿಗೇ ಗೊತ್ತಾಗುವ ಬೆವರು. ಆಗದ ಮಾತನ್ನು ಆಡಿಯೇ ರನ್ನ ಆ ಒಂಟಿತನವನ್ನು ಮುಟ್ಟಿದ.

ನಮ್ಮ ಪತ್ರಿಕೆಗೆ ಬರುವ ವಿಮರ್ಶೆಗಳಲ್ಲಿ ‘ಮೇರುಕೃತಿ’, ‘ಯುಗಪ್ರವರ್ತಕ’ ಎಂಬ ಮಾತುಗಳು ಹೆಚ್ಚುತ್ತಿವೆ. ಅವು ದೊಡ್ಡ ಮಾತೆಂಬುದು ನನ್ನ ತಕರಾರಲ್ಲ. ಅವುಗಳಲ್ಲಿ ಬೇರು ಬಿಡುವ ಕಾಲಿಲ್ಲ, ಬೆವರುವ ಮೈಯಿಲ್ಲ. ಬರೆದವರು ಪುಸ್ತಕವನ್ನು ನಿಜಕ್ಕೂ ಪ್ರೀತಿಸಿರುತ್ತಾರೆ, ಆ ಪ್ರೀತಿ ಓದುಗರಿಗೆ ದಾಟುವುದೇ ಇಲ್ಲ. ಇದು ನನ್ನನ್ನು ನೋಯಿಸುತ್ತದೆ.

ಈ ಸಂಚಿಕೆಯ ಒಂದು ವಿಮರ್ಶೆಯಲ್ಲಿ ಲೇಖಕಿ, ಕಾದಂಬರಿ ಓದುತ್ತಿದ್ದಾಗ ಒಲೆಯ ಮೇಲಿನ ಹಾಲು ಉಕ್ಕಿ ಬೀದಿಗೆ ಹರಿಯಿತು ಎಂದಿದ್ದಾರೆ. ಮುಂದಿನ ಸಾಲಿನ ‘ಮೇರುಕೃತಿ’ಯನ್ನು, ಅವರ ಒಪ್ಪಿಗೆ ಪಡೆದು, ತೆಗೆದಿದ್ದೇನೆ. ಹಾಲನ್ನು ಬೀದಿಯವರೆಗೂ ಹರಿಯಲು ಬಿಟ್ಟಿದ್ದೇನೆ.